ಜೀನಿಗಿಂತ ಮೇಲೆ

ಪಾರ್ದುಬಿತ್ಸೆ
ಅಕ್ಟೋಬರ್ 10, ಗುರುವಾರ ಮಧ್ಯಾಹ್ನ

ನನ್ನ ಪ್ರೀತಿಯ ಹೆಡ್ವಿಕಾ,

ಹೇಗಿದ್ದೀಯ ಮಗಳೇ? ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ತೂಕ ಇಳಿಸುತ್ತೇನೆಂದು ಬರೀ ಕಪ್ಪು ಕಾಫಿಯಲ್ಲಿ ದಿನ ತಳ್ಳುತ್ತಿದ್ದೀಯಾ? ಬೇಸಿಗೆಯಲ್ಲಿ ಮುರಿದಿದ್ದ ಹೆಗಲ ಮೂಳೆ ಈ ಚಳಿಗೆ ನೋಯುತ್ತದೆಯೇ? ಎರಡು ವರ್ಷ ಮಾತು ಬಿಟ್ಟಿದ್ದ ಅಪ್ಪ ಈಗ ಆರೋಗ್ಯ ವಿಚಾರಿಸುತ್ತಿದ್ದಾನೆ ಎಂದು ನಗಬೇಡ. ನಾವಿಲ್ಲಿ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಇದ್ದದ್ದೇ, ಆದರೂ ನಿನಗೆಂದು ಉಣ್ಣೆಯ ಕಾಲುಚೀಲ ಹೆಣೆದು ಮುಗಿಸಿದ್ದಾಳೆ. ಕುದುರೆ ಓಟದ ವಾರದಲ್ಲಿ ನೀನು ಫೋನು ಮುಟ್ಟುವುದಿಲ್ಲ ಎಂದು ಗೊತ್ತು. ಅದಕ್ಕೇ ಕಾಲುಚೀಲದ ಜೊತೆ ಈ ಪತ್ರವನ್ನೂ ಪಕ್ಕದ ಮನೆಯ ಅಲೋಯಿಸನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನ ಕಾರು ನಿಮ್ಮ ಲಾಯದವರೆಗೆ ಬಂದು ತಲುಪಿದರೆ ಅದೇ ದೊಡ್ಡದು.

ಒಂದು ಕಳ್ಳತನ ಒಪ್ಪಿಕೊಳ್ಳಬೇಕು. ಮಂಗಳವಾರ ಬೆಳಿಗ್ಗೆ ಎಲ್ಲರ ಕುದುರೆಗಳನ್ನೂ ಅಭ್ಯಾಸಕ್ಕೆಂದು ಇಲ್ಲಿನ ಮೈದಾನಕ್ಕೆ ತಂದಿದ್ದರಲ್ಲ, ಆಗ ನಾನೂ ಅಲೋಯಿಸನೂ ಓಟದ ದಾರಿಯಲ್ಲಿ ಬರುವ ಉತ್ತ ಹೊಲದ ಪಕ್ಕ ಬೇಲಿಯ ಹಿಂದೆ ನಿಂತಿದ್ದೆವು. ನೀನು ನೋಡಬಾರದೆಂದು ಟೋಪಿ ಕಣ್ಣಿನವರೆಗೆ ಎಳೆದುಕೊಂಡಿದ್ದೆ. ನೆಲದ ಮೇಲೆಲ್ಲ ಬೆಳ್ಳಗೆ ಹಿಮ. ಕುದುರೆಗಳು ಒಂದೊಂದೂ ಒಲೆಯ ಮೇಲಿನ ಹಂಡೆಯ ಹಾಗೆ ಹಬೆಯಾಡುತ್ತಿದ್ದವು. ನೀನು ಏಳು ವರ್ಷದವಳಿದ್ದಾಗ ಇದೇ ಬೇಲಿಯ ಹತ್ತಿರ ನನ್ನ ಬೂಟಿನ ಮೇಲೆ ನಿಂತು ಕಲಿತ ಪಾಠ ನೆನಪಿದೆಯೇ? ಮೊದಲು ಗೊರಸು, ಆಮೇಲೆ ಬೆವರು, ಕಡೆಗೆ ಕಿವಿ. ಜೀನಿಗಿಂತ ಮೇಲೆ ಮಾತ್ರ ಕಣ್ಣೆತ್ತಬಾರದು. ಅಲ್ಲಿ ಕೂತವನ ಮುಖ ನೋಡಿದರೆ ಕನಿಕರ ಬರುತ್ತದೆ, ಕನಿಕರ ಬಂದರೆ ಬಾಜಿ ಕೆಡುತ್ತದೆ. ಈ ಊರಿನ ಹಳೆಯ ಬಾಜಿಗಾರರೆಲ್ಲ ಹೀಗೇ ನೋಡುವುದು, ನಾನೂ ನಲವತ್ತು ವರ್ಷ ಹೀಗೇ ನೋಡಿದೆ.

ಭಾನುವಾರ ಓಡುವ ಹದಿನೇಳರಲ್ಲಿ ಲೆಕ್ಕಕ್ಕೆ ಬರುವವು ಮೂರೇ. ಕರಿಯ ಹವ್ರಾನನ ಮೇಲೆ ಊರಿಗೆ ಊರೇ ಹಣ ಸುರಿಯುತ್ತಿದೆ. ನೋಡಲು ರಾಜಕುಮಾರ, ಒಪ್ಪುತ್ತೇನೆ. ಆದರೆ ಇನ್ನೂ ಓಡುವ ಮೊದಲೇ ಹಿಂದೊಡೆಗಳ ನಡುವೆ ನೊರೆ ಬಂದಿತ್ತು. ಒಳಗೇ ಉರಿದು ಹೋಗುವ ಕುದುರೆ ಅದು. ಅಷ್ಟು ದೂರದ ಓಟದಲ್ಲಿ ಉತ್ತ ಹೊಲ ದಾಟುವಷ್ಟರಲ್ಲಿ ಬೂದಿಯಾಗಿರುತ್ತದೆ. ಕಳೆದ ವರ್ಷ ಎರಡನೆಯದಾಗಿ ಬಂದ ತಾಂಬೋರ್ ಎಡಗಾಲನ್ನು ಯೋಚಿಸಿ ಇಡುತ್ತಿದೆ. ನೆಲ ಗಟ್ಟಿಯಾಗಿದ್ದರೆ ಅದನ್ನು ನಂಬಬಹುದಿತ್ತು, ಶನಿವಾರ ಮಳೆ ಎನ್ನುತ್ತಿದ್ದಾರೆ. ಇನ್ನು ನೀನು ಏರುವ ಮಾಲ್ವಾ. ಪುಟ್ಟ ಹೆಣ್ಣು, ಹಾಲಿನ ಗಾಡಿಗೆ ಕಟ್ಟುವುದಕ್ಕೂ ಲಾಯಕ್ಕಿಲ್ಲ ಎಂದು ಅಲೋಯಿಸ್ ನಕ್ಕ. ಆದರೆ ಅವಳ ಹಿಂಗಾಲು ಮುಂಗಾಲಿನ ಗುರುತು ದಾಟಿ ಒಂದು ಗೇಣು ಮುಂದೆ ಬೀಳುತ್ತದೆ. ಮಣ್ಣಿನಲ್ಲಿ ಅವಸರವಿಲ್ಲ. ಕಿವಿ ಸಡಿಲ. ದೊಡ್ಡ ಕಂದಕದ ಹತ್ತಿರ ಬಂದಾಗ ಅದನ್ನು ಒಮ್ಮೆ ನೋಡಿ, ಅಳೆದು, ಆಮೇಲೆ ಹಾರಿದಳು. ಇಂಥ ಕುದುರೆಯನ್ನು ನಾನು ಜೀವಮಾನದಲ್ಲಿ ಎರಡು ಸಲ ನೋಡಿದ್ದೇನೆ. ಭಾನುವಾರ ಗೆಲ್ಲುವವಳು ಅವಳೇ.

ಇಬ್ಬರೂ ನೇರ ಬಾಜಿ ಕಟ್ಟುವ ಅಂಗಡಿಗೆ ಹೋದೆವು. ಚೀಟಿಯ ಮೇಲೆ ಮಾಲ್ವಾಳ ಹೆಸರು ಬರೆದು ಸಾಲಿನಲ್ಲಿ ನಿಂತೆ. ಹಿಂದಿನಿಂದ ಅಲೋಯಿಸ್ ಕೇಳಿದ, “ಅದಿರ್ಲಿ, ಮಗಳು ಹೆಂಗೆ ಕೂತಿದ್ಲೋ?” ನೋಡಲಿಲ್ಲ ಅಂದೆ. “ಭಲೇ ಅಪ್ಪ ಕಣಯ್ಯಾ ನೀನು. ಎರಡು ವರ್ಷಕ್ಕೊಂದ್ಸಲ ಮಗಳು ಕಣ್ಣಿಗೆ ಬಿದ್ರೆ ಕುದುರೆ ಕಾಲು ನೋಡ್ಕೊಂಡು ನಿಂತಿದ್ಯಲ್ಲ” ಎಂದು ಎಲ್ಲರ ಮುಂದೆ ಮಾನ ಕಳೆದ. ಸುತ್ತ ನಿಂತವರು ನಕ್ಕರು. ನಾನೂ ನಗಲು ಹೋಗಿ ನಿಂತೆ, ಏಕೆಂದರೆ ಬೆಳಿಗ್ಗೆ ಕಂಡದ್ದೊಂದು ಆಗ ನೆನಪಾಯಿತು. ಚೀಟಿಯನ್ನು ಕಿಂಡಿಯೊಳಗೆ ನೀಡಲಿಲ್ಲ. ಅದು ಇನ್ನೂ ನನ್ನ ಕೋಟಿನ ಜೇಬಿನಲ್ಲೇ ಇದೆ.

ನಿನ್ನ ಸೋದರಮಾವ ವಿಲೇಮನ ಕಥೆಯನ್ನು ನಾನು ನಿನಗೆ ಅರ್ಧ ಮಾತ್ರ ಹೇಳಿದ್ದೇನೆ. ದೊಡ್ಡ ಕಂದಕದಲ್ಲಿ ಬಿದ್ದು ತೀರಿಕೊಂಡ, ನೀನು ಹುಟ್ಟುವ ಮೊದಲು, ಅಷ್ಟೇ. ಉಳಿದರ್ಧ ಇದು. ನಾನಾಗ ಅವನಿದ್ದ ಲಾಯದಲ್ಲೇ ಕೆಲಸಕ್ಕಿದ್ದೆ. ಅಂದೂ ಇಂಥದೇ ಚಳಿ, ಎಲ್ಲ ಕುದುರೆಗಳ ಸುತ್ತ ಹಬೆ. ವಿಲೇಮ್ ಕೂತಿದ್ದ ಲಾವಿನಾ ಎಂಬ ಕುದುರೆ ಬಂದಾಗ ಮಾತ್ರ ಆ ಹಬೆಯಲ್ಲಿ ಒಂದು ಖಾಲಿ ಜಾಗ ಇತ್ತು. ಗೋಡೆಯಲ್ಲಿ ಇಟ್ಟಿಗೆ ಕಿತ್ತ ಹಾಗೆ. ಈ ಕುದುರೆ ಇವತ್ತು ಉಳಿಯುವುದಿಲ್ಲ ಎಂದುಕೊಂಡೆ, ಬಾಜಿಯನ್ನು ಬೇರೆ ಕುದುರೆಯ ಮೇಲೆ ಕಟ್ಟಿದೆ. ಯಾರಿಗೂ ಹೇಳಲಿಲ್ಲ. ಒಳ್ಳೆಯದಾಗಲಿ ಎಂದರೆ ಕೆಟ್ಟದ್ದರ ಕಿವಿಗೆ ಬೀಳುತ್ತದೆಂದು ನಮ್ಮವರು ತಿರುಗಿಸಿ ಹಾರೈಸುವುದಿದೆಯಲ್ಲ, ಅದೇ ಪ್ರಕಾರ ವಿಲೇಮನ ಬೆನ್ನು ತಟ್ಟಿ “ಹೋಗು, ಕುತ್ತಿಗೆ ಮುರ್ಕೋ” ಅಂದೆ. ಅವನು ನಗುತ್ತಾ ಹೋದ. ಅರ್ಧ ಗಂಟೆಯಲ್ಲಿ ಲಾವಿನಾ ಖಾಲಿ ಜೀನು ಹೊತ್ತು ತಾನೇ ಲಾಯಕ್ಕೆ ಬಂತು. ಮೈಮೇಲೆ ಒಂದು ಗೀರಿಲ್ಲ, ಮೂಗಿನಿಂದ ದಂಡಿಯಾಗಿ ಹಬೆ. ಆಮೇಲೆ ಇನ್ನೂ ಹನ್ನೊಂದು ವರ್ಷ ಬದುಕಿತು. ನನ್ನ ಕಣ್ಣಿನ ದೋಷ, ಏನೋ ತಪ್ಪಾಗಿ ಕಂಡಿತ್ತು ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡು ಬಂದೆ.

ನೀನು ಕುದುರೆ ಹತ್ತುತ್ತೇನೆಂದಾಗ ನಾನು ಯಾಕೆ ಅಷ್ಟು ಕೂಗಾಡಿದೆ ಎಂದು ಈಗಲಾದರೂ ತಿಳಿದಿರಬೇಕು. ಆಡಿದ ಮಾತುಗಳಿಗೆ ನಾಚಿಕೆಯಾಗುತ್ತದೆ. ಬೇಕರಿಯವಳು, ಅಂಚೆಯವನು, ದಾರಿಯಲ್ಲಿ ಸಿಕ್ಕವರೆಲ್ಲ “ಮಗಳಿಗೆ ಹೇಳಿ, ಕುತ್ತಿಗೆ ಮುರ್ಕೊಳ್ಲಿ” ಎಂದು ಬಾಯಿ ತುಂಬ ಹಾರೈಸಿದ್ದಾರೆ. ಅವರ ಹಾರೈಕೆ ನಿನಗೆ ಮುಟ್ಟಿಸಿದ್ದೇನೆ, ನನ್ನದನ್ನು ಬರೆಯಲು ಕೈ ಬರುತ್ತಿಲ್ಲ. ಅಮ್ಮ ನಿನ್ನ ಕೆನ್ನೆಗೆ ಎರಡು ಮುತ್ತು ಕಳಿಸಿದ್ದಾಳೆ. ನನ್ನದೂ ಒಂದು ಸೇರಿಸಿಕೋ.

ನಿನ್ನನ್ನು ಬೈದು, ಬೈದದ್ದಕ್ಕಿಂತ ಹೆಚ್ಚು ಪ್ರೀತಿಸುವ
ನಿನ್ನ ಅಪ್ಪ,
ಓಲ್ಡ್ರಿಖ್

ಮರೆತ ಮಾತು: ಮರೆತದ್ದೇನಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಕೆಳಗೆ ಅಲೋಯಿಸ್ ಹಾರ್ನ್ ಹೊಡೆಯುತ್ತಿದ್ದಾನೆ. ಮಂಗಳವಾರ ಕಂದಕ ಹಾರಿದ ಮೇಲೆ ನೀನು ಲಾಯದವನಿಗೆ ಏನೋ ಕೂಗಿ ಹೇಳಿದೆ. ಅವನ ಬಾಯಿಂದ ಹಬೆ ಬಂತು, ಮಾಲ್ವಾಳ ಮೂಗಿನಿಂದ ಬಂತು, ನಿನ್ನ ಬಾಯಿಂದ ಬರಲಿಲ್ಲ. ಕಣ್ಣಂಚಿನಲ್ಲಿ ಕಂಡು ಲೆಕ್ಕಕ್ಕಿಡದೆ ಬಿಟ್ಟಿದ್ದೆ, ಸಾಲಿನಲ್ಲಿ ನಿಂತಾಗ ನೆನಪಾದದ್ದು ಅದು. ನಂಬಲಾಗದೆ ನಿನ್ನೆ ಬೆಳಿಗ್ಗೆ ಬಸ್ಸು ಹತ್ತಿ ನಿಮ್ಮ ಲಾಯದ ಹತ್ತಿರವೇ ಬಂದು ಮರೆಯಲ್ಲಿ ನಿಂತೆ. ಈ ಸಲ ನಿನ್ನ ಮುಖವನ್ನೇ ನೋಡಿದೆ. ನೀನು ನಗುತ್ತಿದ್ದೆ, ಜೋರಾಗಿ, ಬಹಳ ಹೊತ್ತು. ಬಾಯಿಯ ಮುಂದೆ ಗಾಳಿ ಖಾಲಿ ಇತ್ತು. ವಿಲೇಮನ ದಿನ ಆ ಖಾಲಿ ಜಾಗ ಇದ್ದದ್ದೂ ಜೀನಿಗಿಂತ ಮೇಲೆ, ಅವನ ಮುಖದ ಮುಂದೆ. ಕುದುರೆಯನ್ನೇ ನೋಡಿ ಅಭ್ಯಾಸವಾದವನು, ಕುದುರೆಯದೇ ಅಂದುಕೊಂಡೆ. ಮಾಲ್ವಾ ಗೆಲ್ಲುತ್ತಾಳೆ ಮಗಳೇ, ಬೇರೆ ಯಾರಾದರೂ ಕೂತು ಗೆಲ್ಲಲಿ. ಇದನ್ನು ಓದಿದ ಕೂಡಲೇ ಒಂದು ಕೆಲಸ ಮಾಡು. ಕಿಟಕಿಯ ಹತ್ತಿರ ಹೋಗಿ ಗಾಜಿನ ಮೇಲೆ ಬಾಯಿಟ್ಟು ಉಸಿರು ಬಿಡು. ಗಾಜು ಮಸುಕಾದರೆ ಈ ಪತ್ರವನ್ನು ಒಲೆಗೆ ಹಾಕಿ ಮುದುಕನಿಗೆ ಮರುಳು ಅನ್ನು, ಭಾನುವಾರ ನಾನೇ ಬಂದು ಬೆನ್ನು ತಟ್ಟುತ್ತೇನೆ. ಮಸುಕಾಗದಿದ್ದರೆ ಅಲೋಯಿಸನ ಕಾರಿನಲ್ಲೇ ಮನೆಗೆ ಬಂದುಬಿಡು. ನಿನ್ನ ಹಾಸಿಗೆ ಹಾಸಿಟ್ಟಿದ್ದೇನೆ.