ಐದು ಸಾವಿರದ ನಲವತ್ತು

ನಾರಿಚ್,
೧೭ ನವೆಂಬರ್

ಪ್ರೀತಿಯ ಅಪ್ಪಾ,

ನಾನು ಕ್ಷೇಮ. ಆರ್ಹುಸ್‌ನ ಚಳಿಯಲ್ಲಿ ನೀನೂ ಬೆಚ್ಚಗಿದ್ದೀಯ ಅಂದುಕೊಂಡಿದ್ದೇನೆ. ಐದು ವಾರ ಬರೆಯಲಿಲ್ಲ, ಬೈಯಬೇಡ. ಗಣಿತದ ಮೊದಲ ವರ್ಷವೆಂದರೆ ಅರ್ಧ ದಿನ ಹೆದರಿಕೆಗೇ ಹೋಗುತ್ತದೆ. ಉಳಿದರ್ಧ ಗಂಟೆ ಬಾರಿಸುವುದಕ್ಕೆ.

ಹೌದು, ಚರ್ಚಿನ ಗಂಟೆ. ಶಾಲೆಯ ದಿನಗಳಲ್ಲಿ ಹಾಸ್ಟೆಲಿನಲ್ಲಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು. ಪಕ್ಕದ ಹಳ್ಳಿಯ ಗೋಪುರದಲ್ಲಿ ಎಂಟು ಗಂಟೆ, ಎಂಟು ಜನ. ಎಂಟೂ ಒಮ್ಮೊಮ್ಮೆ ಬಾರಿಸಿದರೆ ಒಂದು ಸಾಲು. ದೊಡ್ಡ ಗಂಟೆ ಪ್ರತಿ ಸಾಲಿನ ಕೊನೆಗೆ. ಮಿಕ್ಕ ಏಳು ಪ್ರತಿ ಸಲ ಬೇರೆ ಕ್ರಮದಲ್ಲಿ. ಏಳನ್ನು 5040 ಬಗೆಯಲ್ಲಿ ಜೋಡಿಸಬಹುದು. ಅಷ್ಟನ್ನೂ ಬಾರಿಸಬೇಕು, ಒಂದೂ ಎರಡನೇ ಸಲ ಬರಬಾರದು. ಮೂರು ತಾಸು ಬೇಕು.

ಮುದ್ದಾದ ಸಂಖ್ಯೆ ಅದು. ಒಂದರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯದು. ಅರವತ್ತು ಭಾಜಕಗಳು, ಅದಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ ಅಷ್ಟಿಲ್ಲ. ಒಂದರಿಂದ ಏಳರವರೆಗೆ ಗುಣಿಸಿದರೂ ಅದೇ, ಏಳರಿಂದ ಹತ್ತರವರೆಗೆ ಗುಣಿಸಿದರೂ ಅದೇ. ಎಲ್ಲರ ಜೊತೆಗೂ ಹೊಂದಿಕೊಳ್ಳುವ ಈ ಗುಣ ಹಾಸ್ಟೆಲಿನಲ್ಲಿ ನನಗಿದ್ದಿದ್ದರೆ.

ಗೋಪುರದ ಹಿರಿಯರು ಲಾರ್‌ವುಡ್, ಎಪ್ಪತ್ತೆಂಟರವರು. ಇಷ್ಟೂ ಕ್ರಮಗಳಿಗೆ ಹೊಸದೊಂದು ದಾರಿಯನ್ನು ಎರಡು ವರ್ಷ ಕೂತು ಕೈಯಲ್ಲೇ ಬರೆದರು. ಕಂಪ್ಯೂಟರ್ ಮುಟ್ಟಿಸಲಿಲ್ಲ. “ಗಣಿತ ಓದೋ ಹುಡುಗಿ ಇದಾಳಲ್ಲ, ಅವಳೇ ನೋಡ್ಲಿ” ಅಂದರು. ನೋಡಿದೆ. “ಸರಿಯಿದೆ” ಎಂದು ಸಹಿ ಹಾಕಿದೆ. ಹೋದ ಶನಿವಾರ ಬಾರಿಸಿಯೂಬಿಟ್ಟೆವು. ಇನ್ನು ಎಂಟೂ ಹೆಸರು ಹಲಗೆಯ ಮೇಲೆ ಚಿನ್ನದ ಬಣ್ಣದಲ್ಲಿ ಗೋಪುರದ ಗೋಡೆ ಸೇರಬೇಕು. ಹಾಸ್ಟೆಲಿನ ಕೋಟಿನ ಗೂಟ ಬಿಟ್ಟರೆ ನನ್ನ ಹೆಸರು ಎಲ್ಲೂ ಗೋಡೆ ಹತ್ತಿಲ್ಲ.

ಭಾನುವಾರ ಮತ್ತೊಮ್ಮೆ ನೋಡಿದೆ. ನನ್ನ ಚಾಳಿ ನಿನಗೆ ಗೊತ್ತು. ಹದಿನಾಲ್ಕು ಸಾಲುಗಳ ಒಂದು ತುಂಡು ಎರಡು ಸಲ ಬಂದಿದೆ. ಅಂದರೆ ಬೇರೆ ಹದಿನಾಲ್ಕು ಬಂದೇ ಇಲ್ಲ. ನಿಯಮದ ಪ್ರಕಾರ ಮೂರು ತಾಸೂ ಸುಳ್ಳು. ಯಾರ ಕಿವಿಗೂ ಗೊತ್ತಾಗಿಲ್ಲ. ಬುಧವಾರ ಹಲಗೆ ಬರೆಯುವವನು ಬರುವವನಿದ್ದ. ಎರಡು ದಿನ ನನಗೆ ಊಟ ಸೇರಲಿಲ್ಲ.

ಮಂಗಳವಾರದ ಅಭ್ಯಾಸದಲ್ಲಿ ಹೇಳಿಬಿಟ್ಟೆ. ಲಾರ್‌ವುಡ್ ಆ ತುಂಡು ಬಂದಿದ್ದ ಎರಡೂ ಪುಟಗಳನ್ನು ಪಕ್ಕಪಕ್ಕ ಇಟ್ಟು ಸಾಲುಸಾಲಾಗಿ ಹೋಲಿಸಿದರು.

“ಹಗ್ಗ ಎಳೆದೂ ಎಳೆದೂ ನನ್ನ ಭುಜ ಕಿತ್ತೋಗಿದೆ ಕಣ್ರೀ, ಅದೂ ಲೆಕ್ಕಕ್ಕಿಲ್ವಾ?” ಅಂದರು ನಾಲ್ಕನೇ ಗಂಟೆ ಬಾರಿಸುವ ಹೆಸ್ಟರ್, ನಿವೃತ್ತ ನರ್ಸು.

“ಭುಜ ಲೆಕ್ಕಕ್ಕಿದೆ. ಬಾರಿಸಿದ್ದು ಇಲ್ಲ,” ಅಂದರು ಲಾರ್‌ವುಡ್.

“ಯಾರಿಗ್ರೀ ಗೊತ್ತಾಗತ್ತೆ?”

“ಇವಳಿಗೆ ಗೊತ್ತಾಯ್ತಲ್ಲ.” ಆಮೇಲೆ ನನ್ನ ಕಡೆ ತಿರುಗಿದರು. “ಯಾಕಮ್ಮ ಹೆದರ್ತೀಯ? ತಪ್ಪು ಬರೆದೋನು ನಾನು. ನೀನು ತಡವಾಗಿ ನೋಡ್ದೆ, ಅಷ್ಟೇ. ಬಾಯಿ ಮುಚ್ಕೊಂಡಿದ್ರೆ ವಾರವಾರ ಆ ಹಲಗೆ ಕೆಳಗೇ ನಿಂತು ಹಗ್ಗ ಎಳೀಬೇಕಿತ್ತು.”

ಅಲ್ಲಿಂದಲೇ ಫೋನ್ ಮಾಡಿ ಹಲಗೆಯವನಿಗೆ ಬರಬೇಡ ಅಂದರು. ಡಿಸೆಂಬರಿನಲ್ಲಿ ಮತ್ತೆ ಬಾರಿಸುತ್ತೇವೆ. ಈಗ ನಾವಿಬ್ಬರೂ ಅವರ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ದಾರಿ ಸರಿಪಡಿಸುತ್ತಿದ್ದೇವೆ. “ಅರ್ಧ ಇಂಗ್ಲಿಷಿನವಳಿಗೇ ಇಷ್ಟು ಹಟ. ಪೂರ್ತಿ ಆಗಿದ್ರೆ ನೀನು ಗೋಪುರಾನೇ ಬಿಚ್ಚಿ ನೋಡ್ತಿದ್ದೆ” ಎಂದು ರೇಗಿಸುತ್ತಾರೆ. ನನಗೆ ಹಸಿವೂ ವಾಪಸ್ ಬಂದಿದೆ.

ಸೈಕಲ್ ಹತ್ತುವಾಗ ಕೈಗವಸು ಮರೆಯಬೇಡ. ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ ಮಗಳು,
ಟೋವ

ತಾ.ಕ.: ಬಾಯಿಬಿಟ್ಟು ಹೇಳಿದರೆ ಹಗುರಾಗುತ್ತದೆಂದು ಈ ವಾರ ತಿಳಿಯಿತು, ಅದಕ್ಕೇ ಇದು. ನನ್ನ ಒಂಬತ್ತನೇ ಹುಟ್ಟುಹಬ್ಬಕ್ಕೆ ನೀನು ಹಾಸ್ಟೆಲಿಗೆ ಬರೆದ ಪತ್ರವೂ ಹತ್ತನೆಯದಕ್ಕೆ ಬರೆದದ್ದೂ ಅಕ್ಷರಕ್ಕಕ್ಷರ ಒಂದೇ, ಅಪ್ಪಾ. ಯಾರಿಗೂ ತೋರಿಸಲಿಲ್ಲ. ಹತ್ತು ವರ್ಷದವಳಿಗೆ ಒಂದು ಪತ್ರ ಇನ್ನೂ ಬರಬೇಕಿದೆ. ತಡವಾದರೂ ಪರವಾಗಿಲ್ಲ, ಬರೆ.