ಅತಿಥಿಯೇ ಗುಡಿಸಿದ ಕೋಣೆಗೆ ಐದು ನಕ್ಷತ್ರ

ಹೋಟೆಲುಗಳಿಗೆ ನಕ್ಷತ್ರ ಹಂಚುವ ಅಧಿಕಾರಿಗಳೇ,

ಮಾನ್ಯರೇ ಎಂದು ಶುರುಮಾಡಬೇಕಿತ್ತು. ಆ ಮಾತು ನಿಮಗೆ ಸಲ್ಲುತ್ತದೋ ಇಲ್ಲವೋ, ಓದಿದವರೇ ಹೇಳಲಿ. ಕೆರೆ ದಂಡೆಯ ದೊಡ್ಡ ಹೋಟೆಲಿನ ಮುನ್ನೂರ ಹನ್ನೆರಡನೇ ಕೋಣೆಯನ್ನು ನೋಡಿ ನಿಮ್ಮ ಇಲಾಖೆ ಕಳೆದ ತಿಂಗಳು ‘ಅನುಕರಣೀಯ ಸ್ವಚ್ಛತೆ’ಯ ಪ್ರಶಸ್ತಿಪತ್ರ ಕೊಟ್ಟಿದೆ. ಆ ಸ್ವಚ್ಛತೆ ಹೋಟೆಲಿನದ್ದಲ್ಲ, ನನ್ನ ಹೆಂಡತಿಯದ್ದು. ಪತ್ರ ಗೋಡೆಯಿಂದ ಇಳಿಯುವವರೆಗೆ ನಾನು ನಿಮ್ಮನ್ನು ಬಿಡುವವನಲ್ಲ.

ನಾನು ದರ್ಜಿ. ನನ್ನಾಕೆ ಇಪ್ಪತ್ತೆಂಟು ವರ್ಷ ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಕೋಣೆ ಗುಡಿಸಿ, ಹಾಸಿಗೆ ಹಾಸಿ, ಸೊಂಟ ಸವೆಸಿಕೊಂಡವಳು. ಕೆಲಸ ಬಿಟ್ಟ ದಿನ ಏನು ಬೇಕು ಕೇಳೇ ಅಂದೆ. ಬಳೆ ಕೇಳುತ್ತಾಳೆಂದು ಎದೆ ಗಟ್ಟಿಮಾಡಿಕೊಂಡಿದ್ದೆ. “ಒಂದೇ ಒಂದ್ಸಲ ಬೇರೆ ಯಾರೋ ಹಾಸಿದ ಹಾಸಿಗೆ ಮೇಲೆ ಮಲಗ್ಬೇಕು ಕಣ್ರೀ” ಅಂದಳು. ಅಷ್ಟೇ. ನಾನು ಎರಡು ತಿಂಗಳು ಹೊಲಿದು ಗಳಿಸಿದ್ದನ್ನು ಒಂದು ದಿನದ ಬಾಡಿಗೆಗೆ ಸುರಿದು, ನಿಮ್ಮ ಐದು ನಕ್ಷತ್ರಗಳನ್ನು ನಂಬಿ, ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದೆ.

ಮೇಲೆ ತಳುಕು, ಒಳಗೆ ಹುಳುಕು. ಕೆರೆ ಕಾಣುವ ಕೋಣೆ ಎಂದಿದ್ದರು; ಕಿಟಕಿ ತೆಗೆದರೆ ಕಂಡದ್ದು ಜನರೇಟರು. ಸ್ನಾನದ ತೊಟ್ಟಿಯಲ್ಲಿ ಹಿಂದಿನವರ ಕೂದಲು, ಕನ್ನಡಿಯ ಮೇಲೆ ಅವರದೇ ಹಲ್ಲುಪುಡಿಯ ಚುಕ್ಕಿ. ಇನ್ನು ಹಾಸಿಗೆ. ಮೇಲುಹಾಸಿನ ಅಂಚು ನೋಡಿದೆ, ಮಡಿಕೆಯ ಹೊಲಿಗೆ ಮೇಲ್ಗಡೆಗಿತ್ತು. ಯಾರೋ ಮಲಗೆದ್ದ ಬಟ್ಟೆಯನ್ನೇ ಮಗುಚಿ ಹಾಕಿದ್ದರು! ನಲವತ್ತು ವರ್ಷ ಸೂಜಿ ಹಿಡಿದವನ ಕಣ್ಣಿಗೆ ಮಣ್ಣೆರಚಲು ನೋಡಿದರೆ ಆಗುತ್ತದೆಯೇ? ಅವಳಿಗೂ ಗೊತ್ತಾಯಿತು. “ನಮ್ಮ ಲಾಡ್ಜಲ್ಲಿ ಹೀಗೆ ಮಾಡಿದ್ರೆ ಮೇಸ್ತ್ರಿ ಅವತ್ತೇ ಮನೆಗೆ ಕಳಿಸ್ತಿದ್ದ” ಎಂದು ಹೇಳಿ ಕುರ್ಚಿಯ ತುದಿಯಲ್ಲಿ ಕೂತಳು. ಅವಳ ಮುಖ ನೋಡಲಾರದೆ ನಾನು ಕೆಳಗಿಳಿದೆ.

ಕೌಂಟರಿನ ಹುಡುಗಿ ನಕ್ಕಳು: “ಅದು ನಮ್ಮ ಹೋಟೆಲಿನ ಸ್ಟ್ಯಾಂಡರ್ಡ್ ಸರ್.” ಮ್ಯಾನೇಜರರು ಮೀಟಿಂಗಿನಲ್ಲಿದ್ದರು. ನಿಮ್ಮ ಸಹಾಯವಾಣಿಗೆ ಫೋನು ಹಚ್ಚಿದರೆ, ಏನು ಭಾಗ್ಯ, ನಿಮ್ಮ ತಪಾಸಣಾಧಿಕಾರಿ ಅದೇ ಹೋಟೆಲಿನಲ್ಲಿದ್ದಾರಂತೆ! ನಕ್ಷತ್ರ ನವೀಕರಿಸಲು ಬಂದವರು ಕೆಳಗೆ ಪುಕ್ಕಟೆ ಊಟಕ್ಕೆ ಕೂತಿದ್ದರು. ಅವರು ಹಲ್ಲುಕಡ್ಡಿ ಹಾಕಿ ಏಳುವವರೆಗೆ ಒಂದೂವರೆ ಗಂಟೆ ಕಾದೆ. ಈ ನಡುವೆ ಖುಷಿ ತಡೆಯಲಾರದೆ ಮೇಲೆ ಅವಳಿಗೆ ಫೋನು ಮಾಡಿ, “ತಪಾಸಣೆಗೆ ಬರ್ತಾರಂತೆ ಕಣೇ!” ಅಂದುಬಿಟ್ಟೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ನಿಮ್ಮವರನ್ನು ಕರೆದುಕೊಂಡು ಮೇಲೆ ಬಂದು ಬಾಗಿಲು ತೆಗೆದರೆ ಕೋಣೆ ಫಳಫಳ ಹೊಳೆಯುತ್ತಿತ್ತು. ಹೊರಗೆ ವರಾಂಡದಲ್ಲಿ ನಿಂತಿದ್ದ ಕೆಲಸದವರ ತಳ್ಳುಗಾಡಿಯಿಂದ ಒಗೆದ ಹಾಸು ತಂದು ಹಾಸಿದ್ದಳು. ತೊಟ್ಟಿ ತಿಕ್ಕಿ, ಹಳೇ ಪೇಪರಿನಿಂದ ಕನ್ನಡಿ ಒರೆಸಿ, ಬೆವರಿಕೊಂಡು ಗೋಡೆಗೆ ಒತ್ತಿ ನಿಂತಿದ್ದಳು. “ಸಾಹೇಬ್ರು ಬರ್ತಾರೆ ಅಂದ್ರಲ್ಲ, ಕೋಣೆ ಹಾಗೇ ಬಿಡೋಕಾಗುತ್ತಾ?” ಇಪ್ಪತ್ತೆಂಟು ವರ್ಷ ತಪಾಸಣೆ ಎಂದರೆ ಅವಳಿಗೆ ಅದೊಂದೇ ಅರ್ಥ. ನಿಮ್ಮವರು ಕಿಟಕಿಯ ಮೇಲೆ ಬೆರಳಾಡಿಸಿದರು, ಫೋಟೋ ಹೊಡೆದರು. ನಡೆದದ್ದನ್ನೆಲ್ಲ ಹೇಳಿದೆ. “ದುಡ್ಡು ಕೊಟ್ಟು ಬಂದವರು ಯಾಕ್ರೀ ಕ್ಲೀನ್ ಮಾಡ್ತಾರೆ? ಸಾಕ್ಷಿ ಏನಿದೆ?” ಅಂದರು. ಸಾಕ್ಷಿ ಎದುರಿಗೇ ನಿಂತಿತ್ತು, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಿತ್ತು. ಅವರು ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಆ ದಿನವೂ ಅವಳು ತಾನೇ ಹಾಸಿದ ಹಾಸಿಗೆಯ ಮೇಲೆ ಮಲಗಿದಳು. “ನನ್ನಿಂದ ನಿಮ್ಮ ದುಡ್ಡೂ ಹೋಯ್ತು, ಮಾನವೂ ಹೋಯ್ತು” ಎಂದು ಅತ್ತಳು. ಅವಳು ಅತ್ತದ್ದಕ್ಕೆ ನಿಮ್ಮನ್ನು ಕ್ಷಮಿಸುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ಇರಲಿ, ನನ್ನ ದವಡೆ ಗಟ್ಟಿಯಿದೆ. ಈ ಪತ್ರದ ಇನ್ನೂರು ಪ್ರತಿ ಮಾಡಿಸಿದ್ದೇನೆ. ನನ್ನಲ್ಲಿ ಹೊಲಿಸಿಕೊಳ್ಳುವ ಪ್ರತಿಯೊಬ್ಬರ ಅಂಗಿ ಜೇಬಿನಲ್ಲೂ ಒಂದೊಂದು ಹೋಗುತ್ತದೆ. ನಿಮ್ಮ ಇಲಾಖೆಯ ಗುಮಾಸ್ತರೂ ನನ್ನ ಗಿರಾಕಿಗಳೇ.

ನನಗೆ ಬಾಡಿಗೆ ವಾಪಸು ಬೇಡ. ಪ್ರಶಸ್ತಿಪತ್ರವನ್ನು ಇಳಿಸಿ, ‘ಈ ಕೋಣೆಯನ್ನು ಗುಡಿಸಿದ್ದು ಬಾಡಿಗೆ ಕೊಟ್ಟ ಅತಿಥಿ’ ಎಂದು ಬರೆದ ಹಲಗೆ ಅಲ್ಲಿ ಹಾಕಿಸಿ. ಮೊದಲು ನೀವೇ, ಯಾರಿಗೂ ಹೇಳದೆ, ನಿಮ್ಮ ಮನೆಯವರ ಜೊತೆ ಅದೇ ಕೋಣೆಯಲ್ಲಿ ಒಂದು ದಿನ ಇದ್ದು ಬನ್ನಿ. ಹೋಗುವ ದಿನ ನನಗೊಬ್ಬನಿಗೆ ತಿಳಿಸಿ. ಅವತ್ತು ನನ್ನ ಹೆಂಡತಿ ಪೊರಕೆ ಮುಟ್ಟದ ಹಾಗೆ ಅವಳ ಎರಡೂ ಕೈ ಹಿಡಿದುಕೊಂಡು ಕೂರುವುದು ನನ್ನ ಜವಾಬ್ದಾರಿ.

ಇಂತಿ,
ನಿಮ್ಮ ನಕ್ಷತ್ರಗಳಿಗೆ ಹೊಳಪು ಕೊಟ್ಟವಳ ಗಂಡ