ಬ್ಯಾಟರಿ ಸತ್ತ ಕುರ್ಚಿಗೆ ಸೊನ್ನೆ ಅಂಕ

ಮಾನ್ಯ ಸಾಧನ ವಿತರಣಾಧಿಕಾರಿಗಳೇ,

ನನ್ನ ಅಣ್ಣನ ಮೋಟಾರು ಗಾಲಿಕುರ್ಚಿಯನ್ನು ಕಳೆದ ಸೋಮವಾರ ನಿಮ್ಮವರು ಎತ್ತಿಕೊಂಡು ಹೋದರು. ಕಾರಣ ಒಂದೇ ಸಾಲು: ‘ಓಡಾಟದ ಅಂಕ ಸೊನ್ನೆ, ಸಾಧನ ಬಳಕೆಯಲ್ಲಿಲ್ಲ.’ ಪ್ರಶ್ನಾವಳಿ ಲೆಕ್ಕಕ್ಕೆ ಹಿಡಿಯುವ ನಾಲ್ಕು ವಾರ ಅವನು ಹೊಸ್ತಿಲು ದಾಟಿಲ್ಲವೆಂಬುದು ನಿಜ. ದಾಟುವುದಾದರೂ ಹೇಗೆ? ಬ್ಯಾಟರಿ ಸತ್ತು ಐದು ವಾರದಿಂದ ಕುರ್ಚಿ ಕಿಟಕಿಯ ಪಕ್ಕ ನಿಂತಿತ್ತು. ಹೊಸ ಬ್ಯಾಟರಿ ಕಳಿಸಬೇಕಾದವರು ತಾವು. ಅದು ತಮಗೆ ಸಿಗಲಿಲ್ಲ, ಕುರ್ಚಿ ಒಯ್ಯಲು ವ್ಯಾನು ಮಾತ್ರ ಅಂಕ ಬಂದ ಎರಡೇ ದಿನದಲ್ಲಿ ಸಿಕ್ಕಿತು. ತಮ್ಮ ದಕ್ಷತೆಗೆ ಕೈಮುಗಿಯಬೇಕು.

ಆ ಅಂಕ ಹಾಕಿದ ಪ್ರಶ್ನಾವಳಿಯನ್ನು ಇಲ್ಲಿನ ಜನರ ಭಾಷೆಯಾದ ಫ್ರೆಂಚಿಗೆ ತಂದವಳು ನಾನೇ. ಅದು ಮೂಲದಲ್ಲಿ ಕಾಲಿನಿಂದ ನಡೆಯುವ ವೃದ್ಧರಿಗಾಗಿ ಹುಟ್ಟಿದ್ದು. ಅದನ್ನು ಮೋಟಾರು ಕುರ್ಚಿಯವರಿಗೆ ಒಗ್ಗಿಸಬೇಕಿತ್ತು. ನಾನು ಅನುವಾದಿಸಿದೆ. ಮೂಲವನ್ನೇ ನೋಡದ ಇನ್ನೊಬ್ಬರು ಅದನ್ನು ವಾಪಸ್ ಮೂಲಭಾಷೆಗೆ ತಿರುಗಿಸಿದರು. ಅದನ್ನೂ ಮೂಲವನ್ನೂ ಮೇಜಿನ ಮೇಲಿಟ್ಟು, ಇದಕ್ಕೆಂದೇ ನೇಮಿಸಿದ ಸಮಿತಿ ತಾಳೆ ನೋಡಿತು. ಆಮೇಲೆ ಕುರ್ಚಿ ಬಳಸುವ ಎಂಟು ಜನರನ್ನು ಕರೆಸಿ, ಪ್ರಶ್ನೆ ಓದಿ ಹೇಳಿ, ಏನು ಅರ್ಥವಾಯಿತೆಂದು ಕೇಳಿದೆವು. ಅವರಲ್ಲಿ ಹಿಂದೆ ಬಟ್ಟೆ ಹೊಲಿಯುತ್ತಿದ್ದ ಒಬ್ಬ ಅಜ್ಜಿ ನನ್ನ ಮುಖವನ್ನೇ ನೋಡಿ ಹೇಳಿದರು: “ಎಲ್ಲಿಗೆ ಹೋದೆ, ಎಷ್ಟು ಸಲ ಹೋದೆ, ಎಲ್ಲಾ ಕೇಳ್ತೀಯ. ಕುರ್ಚಿ ಓಡ್ತಿತ್ತಾ ಅಂತ ಕೇಳೋದೇ ಇಲ್ವಲ್ಲಮ್ಮ.”

ಅದನ್ನು ಬರೆದುಕೊಂಡು ಸಮಿತಿಯ ಮುಂದಿಟ್ಟೆ. ಮೂಲದಲ್ಲಿಲ್ಲದ ಪ್ರಶ್ನೆಯನ್ನು ಸೇರಿಸಿದರೆ ಬೇರೆ ದೇಶಗಳ ಅಂಕಗಳೊಂದಿಗೆ ಹೋಲಿಸಲು ಬರುವುದಿಲ್ಲ ಎಂದರು ಅಧ್ಯಕ್ಷರು. ಮೇಜಿನ ತುದಿಯಲ್ಲಿ ಕುಳಿತಿದ್ದ ತಾವು ತಲೆಯಾಡಿಸಿದಿರಿ. ಊಟದ ಹೊತ್ತು ಮೀರಿತ್ತು. ನಾನೂ ಸಹಿ ಹಾಕಿದೆ. ಮೂಲಕ್ಕೆ ಎಳ್ಳಷ್ಟೂ ಚ್ಯುತಿ ಬಂದಿಲ್ಲವೆಂದು ಪ್ರಮಾಣಪತ್ರವನ್ನೂ ಕೊಟ್ಟರು. ಹೋಲಿಕೆ ಕೆಡಬಾರದು, ಸರಿ. ಮನುಷ್ಯನ ಬದುಕು ಕೆಟ್ಟರೆ ಅದಕ್ಕೆ ಯಾವ ಕಾಲಂ ಇದೆ, ಮಾನ್ಯರೇ?

ಅಣ್ಣ ಗಡಿಯಾರ ರಿಪೇರಿಯವನು. ಮನೆಯಿಂದ ಏಳು ಬೀದಿ ದಾಟಿದರೆ ಅವನ ಪುಟ್ಟ ಅಂಗಡಿ. ಹನ್ನೊಂದು ವರ್ಷ ಒಬ್ಬನೇ ಹೋಗಿ ಒಬ್ಬನೇ ಬಂದಿದ್ದಾನೆ. ಪ್ರಶ್ನಾವಳಿ ಹಿಡಿದು ಮನೆಗೆ ಬಂದ ಹುಡುಗಿಗೆ ಬ್ಯಾಟರಿಯ ಕಥೆಯನ್ನೆಲ್ಲ ಹೇಳಿದನಂತೆ. ಪಾಪ, ಒಳ್ಳೆಯ ಹುಡುಗಿ. ಹಾಳೆ ತಿರುಗಿಸಿ ತಿರುಗಿಸಿ ನೋಡಿ, ಅದನ್ನು ಬರೆಯಲು ಜಾಗವಿಲ್ಲ ಎಂದಳಂತೆ. ಈಗ ಅಂಗಡಿಗೆ ಬೀಗ ಬಿದ್ದಿದೆ. ಅಣ್ಣ ಮಂಚದ ಮೇಲಿದ್ದಾನೆ. ನೀರು ಬೇಕೆಂದರೂ ನನ್ನನ್ನು ಕೂಗಬೇಕು, ಕೂಗಲು ನಾಚಿ ಬಾಯಾರಿಕೊಂಡೇ ಇರುತ್ತಾನೆ.

ನನ್ನ ಬೇಡಿಕೆ ಉದ್ದವಿಲ್ಲ. ಕುರ್ಚಿಯನ್ನು ಓಡುವ ಬ್ಯಾಟರಿಯೊಂದಿಗೆ ಈ ವಾರವೇ ಹಿಂದಿರುಗಿಸಿ. ಆ ಅಜ್ಜಿಯ ಪ್ರಶ್ನೆಯನ್ನು ಮೊದಲನೆಯದಾಗಿ ಸೇರಿಸಿ. ಅಲ್ಲಿಯವರೆಗೆ ಈ ಅಂಕ ನೋಡಿ ಯಾರ ಕುರ್ಚಿಯನ್ನೂ ಮುಟ್ಟಬೇಡಿ.

ಇನ್ನೊಂದು ಮಾತು. ಕೆಲಸದ ವಿಷಯ ಹೊರಗೆ ಹೇಳುವುದಿಲ್ಲವೆಂದು ತಮಗೆ ಬರೆದುಕೊಟ್ಟಿದ್ದೆ, ಹಾಗಾಗಿ ಅಣ್ಣನಿಗೆ ಏನೂ ತಿಳಿಯದು. ಮೊನ್ನೆ ಕೇಳಿದ: “ಆ ಪ್ರಶ್ನೆ ಬರೆದೋರು ಯಾರೇ? ಒಂದು ದಿನಾನಾದ್ರೂ ನನ್ನಂಥವನ ಜೊತೆ ಇದ್ದು ನೋಡಿದ್ದಾರಾ?” ನಾನು ಹೊದಿಕೆ ಸರಿಪಡಿಸಿ ಎದ್ದು ಬಂದೆ. ಅವನು ದಿನವೂ ಪತ್ರಿಕೆ ಓದುತ್ತಾನೆ. ಈ ಪತ್ರವನ್ನು ಅದಕ್ಕೂ ಕಳಿಸಿದ್ದೇನೆ, ಇದನ್ನೂ ಓದುತ್ತಾನೆ.

ಇಂತಿ,
ಅವನಿಗೆ ಉತ್ತರ ಕೊಡಲಾಗದೆ ತಮಗೆ ಬರೆದ,
ಅವನ ತಂಗಿ